ನಲವತ್ತೆಂಟು ವರ್ಗಮೂಲ ಚಿಹ್ನೆಗಳನ್ನು ಹಿಂದಿರುಗಿಸುವ ಕುರಿತು

ಇವರಿಗೆ:
ಪ್ರಧಾನ ಸಂಪಾದಕರು,
ವಿದ್ಯಾಧನುಸ್ಸು ಗೈಡ್ ಪ್ರಕಾಶನ.

ಇವರಿಂದ:
ಕಲ್ಪನಾ ಯುವರಾಜ್, ಬಿ.ಎಸ್ಸಿ.,
ಸಂಜೆ ಪಾಠದ ಮನೆ, ಮುದಿರೆಡ್ಡಿಪಲ್ಲಿ, ಹಿಂದೂಪುರ.
೨೦-೮-೨೦೦೬

ಮಾನ್ಯರೇ,

ತಾವೂ, ತಮ್ಮ ಸಂಪಾದಕ ಮಂಡಳಿಯವರೂ, ಅವರೆಲ್ಲರಿಗಿಂತ ಹೆಚ್ಚು ದುಡಿಯುವ ತಮ್ಮ ಅಚ್ಚಿನ ಯಂತ್ರವೂ ಸೌಖ್ಯವೆಂದು ನಂಬಿ, ಮಗ್ಗದ ಸದ್ದು ಊಟದ ಹೊತ್ತಿಗೆ ಕೊಂಚ ನಿಂತಿರುವಾಗ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ನನ್ನ ಮೂರು ಪತ್ರಗಳಿಗೆ ತಾವು ಉತ್ತರವಾಗಿ ದಯಪಾಲಿಸಿದ ಮೂರು ಗೋಡೆ ಕ್ಯಾಲೆಂಡರುಗಳೂ ತಲುಪಿವೆ. ಒಂದೇ ವರ್ಷದ ಮೂರನ್ನೂ ಸಾಲಾಗಿ ತೂಗುಹಾಕಿರುವುದರಿಂದ ನಮ್ಮ ಮನೆಯಲ್ಲಿ ಯಾವ ದಿನವೂ ಕಣ್ತಪ್ಪಿ ಹೋಗುವ ಭಯವಿಲ್ಲ. ಆ ಕೃಪೆಗೆ ಮೊದಲು ವಂದನೆಗಳು.

ನನ್ನ ಪರಿಚಯ ದೊಡ್ಡದೇನಲ್ಲ. ನನ್ನ ಯಜಮಾನರು ಯುವರಾಜ್ ಅವರು ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗದ ಕೋಣೆಯ ಮುಂದಿನ ಪಡಸಾಲೆಯಲ್ಲಿ ನಾನು ಹತ್ತನೆಯ ತರಗತಿಯವರಿಗೆ ಗಣಿತ ಹೇಳಿಕೊಡುತ್ತೇನೆ. ಆಂಧ್ರದ ಈ ಅಂಚಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವರು ಎಷ್ಟು ಮಂದಿ ಇದ್ದಾರೆಂದು ದೊಡ್ಡವರು ಯಾರೂ ಎಣಿಸಲು ಹೋಗುವುದಿಲ್ಲ. ನಮಗಾಗಿ ಗಣಿತದ ಗೈಡ್ ಅಚ್ಚು ಹಾಕುವವರು ತಾವೊಬ್ಬರೇ. ಹಸಿರು ರಟ್ಟಿನ ಆ ಪುಸ್ತಕ ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಬಸ್ ಸ್ಟ್ಯಾಂಡಿನ ಪ್ರತಿಯೊಂದು ಅಂಗಡಿಯಲ್ಲೂ ದಾರದಲ್ಲಿ ನೇತಾಡುತ್ತಿರುತ್ತದೆ. ತೆಲುಗಿನಿಂದ ಕನ್ನಡಕ್ಕೆ ಅದನ್ನು ತಂದ ಮಹನೀಯರಿಗೆ ದಾರಿಯ ನಡುವೆ ದಣಿವಾಗಿರಬೇಕು. ತೆಲುಗಿನವರು ಫಲನಕ್ಕೆ ಹೇಳುವ 'ಪ್ರಮೇಯ'ವನ್ನು ಅವರು ಹಾಗೆಯೇ ಇಳಿಸಿ ಹೋಗಿದ್ದಾರೆ. ಕನ್ನಡದಲ್ಲಿ ಪ್ರಮೇಯವೆಂದರೆ ಸಾಧಿಸಿ ತೋರಿಸುವ ಹೇಳಿಕೆ ಆದ್ದರಿಂದ, ಫಲನಗಳ ಅಧ್ಯಾಯ ತೆರೆದ ನಮ್ಮ ಮಕ್ಕಳು ಪೈಥಾಗೊರಸನ ಪ್ರಮೇಯದಲ್ಲಿ ಎಕ್ಸ್‌ಗೆ ಎರಡು ಆದೇಶಿಸಿದರೆ ಬೆಲೆಯೆಷ್ಟು ಎಂದು ಯೋಚಿಸುತ್ತ ಕೂರುತ್ತಾರೆ. ಮುಂದಿನ ಪುಟದಲ್ಲಿ ಅದೇ ಪದ 'ಫಲನ'ವಾಗಿ, ಅದರ ಮುಂದಿನ ಪುಟದಲ್ಲಿ 'ಫಂಕ್ಷನ್' ಆಗಿ ಬರುತ್ತದೆ. ಪಕ್ಕದ ಬೀದಿಯ ಲಕ್ಷ್ಮೀದೇವಿ ಒಮ್ಮೆ ಪುಟ ನೋಡಿ, "ಫಂಕ್ಷನ್ ಅಂದ್ರೆ ಊಟ ಐತೇನ್ರೀ ಇದ್ರಾಗೆ?" ಎಂದು ಕೇಳಿದ್ದೂ ಉಂಟು. ಇವನ್ನೆಲ್ಲ ದೂರೆಂದು ಎಣಿಸಬೇಡಿ; ದೂರು ಇನ್ನು ಮುಂದಿದೆ.

ಈ ಲಕ್ಷ್ಮೀದೇವಿಯ ತಂಗಿ ಬೀರಕ್ಕ. ವಯಸ್ಸು ಇಪ್ಪತ್ತಾರು, ಕಂಬದೂರಿನ ಆಚೆಯ ಒಂದು ಹಟ್ಟಿಯಲ್ಲಿ ಅಂಗನವಾಡಿಯ ಆಯಾ. ಕುರಿ ಕಾಯುವ ಮನೆತನ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ, ಹತ್ತು ಹನ್ನೆರಡು ವರ್ಷದ ಮೇಲೆ ಮತ್ತೆ ಪುಸ್ತಕ ಹಿಡಿದವಳು. ಆ ಅಂಗನವಾಡಿಯ ಟೀಚರು ಪೆದ್ದಕ್ಕನವರು ೨೦೦೬ರ ಜೂನ್‌ಗೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಹತ್ತನೆಯ ತರಗತಿ ಪಾಸಾಗಿರಬೇಕು. ಬೀರಕ್ಕ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದೆಲ್ಲ ವಿಷಯ ಪಾಸಾಗಿದ್ದಳು. ಗಣಿತದಲ್ಲಿ ಮಾತ್ರ ಎರಡು ಸಲ ಫೇಲು. ಒಮ್ಮೆ ಇಪ್ಪತ್ತೇಳು, ಒಮ್ಮೆ ಇಪ್ಪತ್ತೊಂಬತ್ತು. ಕಲ್ಯಾಣದುರ್ಗದಲ್ಲಿ ಟ್ಯೂಷನ್ನುಗಳಿದ್ದರೂ ಎಲ್ಲವೂ ತೆಲುಗಿನಲ್ಲಿ. ಆದ್ದರಿಂದ ಕಳೆದ ದೀಪಾವಳಿಯ ನಂತರ, ಪ್ರತಿ ಶನಿವಾರ ಮಕ್ಕಳಿಗೆ ಊಟ ಬಡಿಸಿ, ಪಾತ್ರೆ ತೊಳೆದಿಟ್ಟು, ಎರಡು ಬಸ್ಸು ಬದಲಿಸಿ ಹಿಂದೂಪುರಕ್ಕೆ ಬಂದು ಅಕ್ಕನ ಮನೆಯಲ್ಲಿ ಉಳಿದು, ಭಾನುವಾರವಿಡೀ ನನ್ನ ಪಡಸಾಲೆಯಲ್ಲಿ ಕಲಿತು, ಸೋಮವಾರದ ಮೊದಲ ಬಸ್ಸಿಗೆ ಹಿಂದಿರುಗುವ ಏರ್ಪಾಟು ಮಾಡಿಕೊಂಡಳು.

ಮೊದಲ ಭಾನುವಾರ ಆಕೆಯ ತಳಪಾಯ ನೋಡೋಣವೆಂದು, ಟ್ಯಾನ್ ಅರವತ್ತು ಡಿಗ್ರಿಯ ಬೆಲೆ ಎಷ್ಟಮ್ಮ ಎಂದು ಕೇಳಿದೆ. "ಮೂರು ಮೇಡಂ," ಎಂದಳು, ತಡವರಿಸದೆ. ಸೈನ್ ನಲವತ್ತೈದು? "ಒಂದು ಬೈ ಎರಡು." ಸೈನ್ ಮೂವತ್ತು? "ಅದೂ ಒಂದು ಬೈ ಎರಡು." ಸೈನ್ ಅರವತ್ತು? "ಮೂರು ಬೈ ಎರಡು." ನಾನು ಕೇಳದೆಯೇ ಉಳಿದ ಕೋಷ್ಟಕವನ್ನೂ ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಅಷ್ಟು ನಿಖರವಾಗಿ ತಪ್ಪು ಹೇಳಿದವರನ್ನು ನನ್ನ ಆರು ವರ್ಷದ ಪಾಠದಲ್ಲಿ ಕಂಡಿರಲಿಲ್ಲ. ನಾನು ಹಲಗೆಯ ಮೇಲೆ ಸರಿಯಾದ ಕೋಷ್ಟಕ ಬರೆದೆ, ಆಕೆ ನೋಟುಬುಕ್ಕಿಗೆ ಇಳಿಸಿಕೊಂಡಳು, ಮುಂದಿನ ವಾರ ಕೇಳಿದರೆ ಮತ್ತೆ "ಮೂರು ಮೇಡಂ." ಅದರ ಮುಂದಿನ ವಾರವೂ ಅದೇ. ಮಾನ್ಯರೇ, ನಾನು ಆಕೆಗೆ ಬೈದೆ. ಬಸ್ಸಿನಲ್ಲಿ ನಿಂತು ಬಂದವಳಿಗೆ, ಉಳಿದ ಮಕ್ಕಳ ಮುಂದೆ, ತಲೆ ಎಲ್ಲಿಟ್ಟು ಬಂದಿದ್ದೀಯಾ ಎಂದೆ. ಆಕೆ ತಲೆ ತಗ್ಗಿಸಿ, "ನಂಗೇ ತಿಳಿಯಲ್ಲ ಮೇಡಂ, ನನ್ ತಲೇನೇ ಅಷ್ಟು," ಎಂದಳು. ಈ ಪತ್ರದಲ್ಲಿ ತಮ್ಮ ತಪ್ಪುಗಳೇ ಹೆಚ್ಚಾಗಿ ಬರುವುದರಿಂದ ನನ್ನದೂ ಒಂದು ಇಲ್ಲಿ ದಾಖಲಾಗಲಿ.

ಮೂರನೆಯ ಭಾನುವಾರ ಆಕೆಯ ನೋಟುಬುಕ್ಕು ನೋಡಿದೆ. ಮೂರರ ಪಕ್ಕದಲ್ಲಿ ಒಂದು ಗೀಟು, ಎರಡರ ಪಕ್ಕದಲ್ಲಿ ಒಂದು ಗೀಟು, ಅಂಕೆಯಿಂದ ದೂರವಾಗಿ. ಇದೇನಮ್ಮ ಈ ಗುರುತು ಎಂದೆ.

"ನೀವು ಹಾಕೋ ರೈಟ್ ಮಾರ್ಕು ಅಲ್ವಾ ಮೇಡಂ?" ಎಂದಳು. "ಸರಿಯಾಗೈತೆ ಅಂತ ಟಿಕ್ ಹಾಕ್ತಿದ್ದೀರಾ ಅಂದ್ಕೊಂಡೆ. ಬುಕ್ಕಾಗೆ ಆ ಗುರ್ತು ಇಲ್ಲ."

ಆಗ ನಾನು ಆಕೆಯ ಚೀಲದಿಂದ ತಮ್ಮ ಗೈಡನ್ನು ತೆಗೆದು, ನೂರ ಹನ್ನೆರಡನೆಯ ಪುಟ ತೆರೆದೆ. ಶಾಲೆಯ ಮಕ್ಕಳು ಶಾಲೆಯ ಪಠ್ಯದಿಂದ ಕೋಷ್ಟಕ ಕಲಿತು ಬರುತ್ತಿದ್ದರಿಂದ ನಾನು ಆ ಪುಟವನ್ನು ಎಂದೂ ತೆರೆದಿರಲಿಲ್ಲ. ಟ್ಯಾನ್ ಅರವತ್ತು ಅಲ್ಲಿ √3 ಅಲ್ಲ, ಮೂರೇ ಆಗಿತ್ತು. ಸೈನ್ ಅರವತ್ತು ಮೂರು ಬೈ ಎರಡೇ ಆಗಿತ್ತು. ಬೀಜಗಣಿತದ ಅಧ್ಯಾಯಗಳಲ್ಲಿ ತಾವು 'ವರ್ಗಮೂಲ' ಎಂದು ಅಕ್ಷರದಲ್ಲೇ ಬರೆದು ದಾಟಿದ್ದೀರಿ. ತ್ರಿಕೋನಮಿತಿಗೆ ಬಂದಾಗ ಚಿಹ್ನೆಯನ್ನೇ ನಂಬಿದ್ದೀರಿ, ಆ ಚಿಹ್ನೆ ತಮ್ಮ ಕನ್ನಡ ಅಕ್ಷರಗಳ ಜೊತೆ ಬರಲು ಒಪ್ಪಿಲ್ಲ. ಒಂದಲ್ಲ, ಎರಡಲ್ಲ, ನಾನು ಅಂದು ಎಣಿಸಿದ್ದು ನಲವತ್ತೇಳು. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ತಮ್ಮದೇ ತೆಲುಗು ಗೈಡನ್ನು ತೆರೆದು ನೋಡಿದರೆ, ನಲವತ್ತೇಳು ಚಿಹ್ನೆಗಳೂ ತಮ್ಮ ತಮ್ಮ ಅಂಕೆಗಳ ಮೇಲೆ ಕೊಡೆ ಹಿಡಿದು ನಿಂತಿದ್ದವು. ನಮ್ಮ ಅಂಕೆಗಳು ಮಾತ್ರ ಬಿಸಿಲಿನಲ್ಲಿ.

ಬೀರಕ್ಕ ಮೊದಲು ನನ್ನನ್ನು ನಂಬಲಿಲ್ಲ. "ಅಚ್ಚಾಗಿರೋದು ಹೆಂಗ್ ಸುಳ್ಳಾಯ್ತದೆ ಮೇಡಂ?" ಎಂದಳು. "ನೀವು ಒಬ್ರು ಹೇಳ್ತೀರಾ. ಬುಕ್ಕು ಊರೂರಾಗೂ ಅದೇ ಹೇಳ್ತದೆ." ತಮ್ಮ ಮೇಲಿನ ಈ ಭಕ್ತಿಗೆ ನಾನು ತಲೆಬಾಗಿ, ಮಗ್ಗದ ಕೋಣೆಯಿಂದ ಏಣಿ ತರಿಸಿದೆ. ಮಗ್ಗದ ಮೇಲಿದ್ದು ಸೀರೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆಯ ದಾರ ಕಟ್ಟಲು ಯಜಮಾನರು ಹತ್ತುವ ಏಣಿ ಅದು, ಸರಿಯಾಗಿ ಹತ್ತು ಅಡಿ. ಅದರ ಕಾಲನ್ನು ಗೋಡೆಯಿಂದ ಐದು ಅಡಿ ದೂರ ಇಟ್ಟರೆ ನೆಲದೊಂದಿಗೆ ಅರವತ್ತು ಡಿಗ್ರಿ ಆಗುತ್ತದೆಂದು ತಮ್ಮ ಗೈಡೂ ಒಪ್ಪುತ್ತದೆ, ಏಕೆಂದರೆ ಕಾಸ್ ಅರವತ್ತರಲ್ಲಿ ಬಿದ್ದುಹೋಗಲು ಯಾವ ಚಿಹ್ನೆಯೂ ಇಲ್ಲ. ಈಗ ಏಣಿಯ ತುದಿ ಗೋಡೆಯನ್ನು ಎಷ್ಟು ಎತ್ತರದಲ್ಲಿ ಮುಟ್ಟುತ್ತದೆ, ನಿನ್ನ ಪುಸ್ತಕದ ಪ್ರಕಾರ ಲೆಕ್ಕ ಹಾಕು ಎಂದೆ. ಆಕೆ ಹತ್ತನ್ನು ಮೂರು ಬೈ ಎರಡರಿಂದ ಗುಣಿಸಿ, "ಹದಿನೈದು ಅಡಿ," ಎಂದು ಬರೆದು, ಬರೆದ ಮೇಲೆ ತಲೆಯೆತ್ತಿ ಏಣಿಯನ್ನು ನೋಡಿದಳು.

ಯಜಮಾನರು ಮಗ್ಗದ ಮುಂದಿನಿಂದಲೇ, "ಏಣಿನೇ ಹತ್ತಡಿ ಐತೆ ಕಣಮ್ಮ. ಅದು ಹದಿನೈದು ಮುಟ್ಟಬೇಕಾದ್ರೆ ಕೊನೇ ಮೆಟ್ಲ ಮೇಲೆ ನಾನು ಕೈ ಎತ್ಕೊಂಡು ನಿಂತ್ಕೋಬೇಕು," ಎಂದರು.

ಬೀರಕ್ಕ ನಗಲಿಲ್ಲ. ಟೇಪು ಹಿಡಿದು ಅಳೆದಳು: ಎಂಟು ಅಡಿ ಎಂಟು ಇಂಚು. ಇಳಿದು ಬಂದು ಮತ್ತೆ ಹತ್ತಿ ಅಳೆದಳು. ಮೂರನೆಯ ಸಲ ಅಳೆದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಂಡಳು. ಆಮೇಲೆ, "ಅಂಗಾದ್ರೆ ನಾನು ದಡ್ಡಿ ಅಲ್ಲ, ಅಲ್ವಾ ಮೇಡಂ?" ಎಂದು ಕೇಳಿದಳು. "ಎರಡು ವರ್ಷ ದಡ್ಡಿ ಅಂತ್ಲೇ ಅಂದ್ಕೊಂಬುಟ್ಟಿದ್ದೆ. ನಮ್ಮನೆಯೋರು ಏನೂ ಅನ್ನಲಿಲ್ಲ, ಆದ್ರೂ ನಾನೇ ಅಂದ್ಕೊಂಡಿದ್ದೆ."

ಹತ್ತು ಅಡಿಯ ಏಣಿಯನ್ನು ಹದಿನೈದು ಅಡಿ ಏರಿಸುವ ವಿದ್ಯೆಯನ್ನು ತಾವು ಮನುಕುಲಕ್ಕೆ ಕೊಟ್ಟಿರುವುದು ಸಣ್ಣ ಮಾತಲ್ಲ. ಮೂವತ್ತು ಡಿಗ್ರಿಗೂ ನಲವತ್ತೈದು ಡಿಗ್ರಿಗೂ ಒಂದೇ ಬೆಲೆ ಕೊಟ್ಟು ಕೋನಗಳ ನಡುವೆ ಸಮಾನತೆ ಸಾಧಿಸಿರುವುದೂ ಶ್ಲಾಘ್ಯವೇ. ಆದರೆ ಆ ಮೆಟ್ಟಿಲ ಮೇಲೆ ಕೂತ ಹೆಣ್ಣುಮಗಳ ಮುಖವನ್ನು ತಾವು ನೋಡಿದ್ದರೆ, ಕ್ಯಾಲೆಂಡರು ಕಳಿಸುತ್ತಿರಲಿಲ್ಲವೆಂದು ಈಗಲೂ ತಮ್ಮ ಬಗ್ಗೆ ಒಳ್ಳೆಯದನ್ನೇ ಭಾವಿಸುತ್ತೇನೆ. ಆಕೆ ಎರಡು ಪರೀಕ್ಷೆಗಳಲ್ಲೂ ತಾವು ಅಚ್ಚು ಹಾಕಿದ್ದನ್ನು ಒಂದಕ್ಷರವೂ ತಪ್ಪದೆ ಬರೆದು ಬಂದಿದ್ದಳು. ಇಪ್ಪತ್ತೇಳೂ ಇಪ್ಪತ್ತೊಂಬತ್ತೂ ನ್ಯಾಯವಾಗಿ ತಮ್ಮ ಅಂಕಗಳು.

ಅಂದೇ ಕೆಂಪು ಪೆನ್ನು ಕೇಳಿ ತೆಗೆದುಕೊಂಡು ನಲವತ್ತೇಳು ಜಾಗದಲ್ಲೂ ಚಿಹ್ನೆ ಹಾಕಿದಳು. ಅಲ್ಲಿಂದ ಮುಂದೆ ಆಕೆ ಯಾವುದನ್ನೂ ಬಾಯಿಪಾಠ ಮಾಡಲಿಲ್ಲ. ಪ್ರತಿಯೊಂದನ್ನೂ ತಿರುಗಿಸಿ ನೋಡಿ, ತನ್ನ ಭಾಷೆಗೆ ತಂದುಕೊಂಡಳು. ಫಲನವೆಂದರೆ ಏನೆಂದು ಮೂರು ಹೆಸರುಗಳಲ್ಲಿ ತಾವು ಹೇಳಲು ಹೆಣಗಿದ್ದನ್ನು ಆಕೆ ಒಂದೇ ಮಾತಿನಲ್ಲಿ, "ಒಂದು ಮಗೂಗೆ ಒಂದೇ ತಟ್ಟೆ. ಎರಡು ಮಕ್ಳು ಒಂದು ತಟ್ಟೇಲಿ ಉಣ್ಣಬಹುದು, ಆದ್ರೆ ಒಂದೇ ಮಗು ಎರಡು ತಟ್ಟೆ ಹಿಡ್ಕೊಂಡ್ರೆ ಅದು ಫಲನ ಅಲ್ಲ," ಎಂದು ಮುಗಿಸಿದಳು. ನನ್ನ ಶಾಲೆಯ ಮಕ್ಕಳಿಗೆ ಈಗ ನಾನು ಹಾಗೆಯೇ ಹೇಳುತ್ತೇನೆ.

ಇಲ್ಲಿಂದ ಮುಂದಿನದು ನನಗೆ ಬರೆಯಲು ಸ್ವಲ್ಪ ಕಷ್ಟ. ಫೆಬ್ರವರಿಯ ಒಂದು ಭಾನುವಾರ ಆಕೆ ಹೆಚ್ಚುವರಿ ಪ್ರಶ್ನೆಗಳ ಹದಿನಾಲ್ಕನೆಯದಕ್ಕೆ ಬಂದಳು: ಥೀಟಾ ಕೋನ ಸೊನ್ನೆಯಿಂದ ತೊಂಬತ್ತು ಡಿಗ್ರಿಯೊಳಗಿದ್ದಾಗ, ಸೈನ್ ಥೀಟಾ ಮತ್ತು ಕಾಸ್ ಥೀಟಾ ಎರಡನ್ನೂ ಕೂಡಿದ ಫಲನದ ಗರಿಷ್ಠ ಬೆಲೆ ಎಷ್ಟು? ಉತ್ತರ ಎರಡು ಎಂದು ತಾವು ಅಚ್ಚು ಹಾಕಿದ್ದೀರಿ. ನಾನೂ ಆರು ವರ್ಷದಿಂದ ಎರಡೆಂದೇ ಹೇಳಿಕೊಡುತ್ತಿದ್ದೆ: ಸೈನ್ ಹೆಚ್ಚೆಂದರೆ ಒಂದು, ಕಾಸ್ ಹೆಚ್ಚೆಂದರೆ ಒಂದು, ಒಂದು ಒಂದು ಸೇರಿದರೆ ಎರಡು, ಮುಂದಿನ ಲೆಕ್ಕಕ್ಕೆ ಬನ್ನಿ. ಬೀರಕ್ಕನಿಗೂ ಹಾಗೆಯೇ ಹೇಳಿ ಅಡುಗೆ ಮನೆಗೆ ಹೋದೆ.

ಮರಳಿ ಬಂದರೆ ಆಕೆ ಮತ್ತೆ ಏಣಿಯನ್ನು ಹೊರಗೆ ತಂದಿದ್ದಳು. ಏಣಿಯ ತುದಿ ಗೋಡೆಯ ಮೇಲೆ ಎಷ್ಟು ಎತ್ತರ, ಏಣಿಯ ಕಾಲು ಗೋಡೆಯಿಂದ ಎಷ್ಟು ದೂರ, ಎರಡನ್ನೂ ಅಳೆದು ಕೂಡುವುದು. ಒಂದು ಗೇಣು ಜರುಗಿಸುವುದು, ಮತ್ತೆ ಅಳೆಯುವುದು. ತಮ್ಮ ಉತ್ತರ ಸರಿಯಾಗಿದ್ದರೆ, ಹತ್ತು ಅಡಿಯ ಏಣಿಗೆ ಎಲ್ಲೋ ಒಂದು ಕಡೆ ಮೊತ್ತ ಇಪ್ಪತ್ತು ಅಡಿ ಬರಬೇಕು. ಅತ್ತ ಯಜಮಾನರು ಜಕಾರ್ಡ್ ಪೆಟ್ಟಿಗೆಯ ದಾರ ತುಂಡಾಗಿ, ಏಣಿಯಿಲ್ಲದೆ ಸ್ಟೂಲಿನ ಮೇಲೆ ಸ್ಟೂಲು ಇಟ್ಟು ನಿಂತಿದ್ದರು. ಹದಿನೇಳು ಸಲ ಅಳೆದ ಮೇಲೆ ಬೀರಕ್ಕ ಬಂದು, "ಮೇಡಂ, ಎಷ್ಟು ಜರುಗಿಸಿದ್ರೂ ಹದಿನಾಲ್ಕು ಅಡಿ ಎರಡು ಇಂಚಿನ ಮೇಕೆ ಹೋಗ್ತಿಲ್ಲ," ಎಂದಳು.

ಮಾನ್ಯರೇ, ನಾನು ಆಗ ಏನು ಹೇಳಿದೆನೆಂದು ತಮಗೆ ತಿಳಿದರೆ ಬಹಳ ಸಂತೋಷವಾದೀತು. ಪುಸ್ತಕದಲ್ಲಿ ಎರಡು ಅಂತ ಇದೆಯಲ್ಲಮ್ಮ, ಅಳೆಯುವಾಗ ಎಲ್ಲೋ ತಪ್ಪಿದ್ದೀಯಾ ಎಂದೆ. ಆಕೆ ವಾದಿಸಲಿಲ್ಲ. ಏಣಿಯನ್ನು ಗೋಡೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ, "ಇಂಗೆ ನಿಂತ್ರೆ ಗೋಡೇದು ಹತ್ತು, ನೆಲದ್ದು ಸೊನ್ನೆ," ಎಂದಳು. ಆಮೇಲೆ ನೆಲದ ಮೇಲೆ ಮಲಗಿಸಿ, "ಇಂಗೆ ಮಲಗಿದ್ರೆ ನೆಲದ್ದು ಹತ್ತು, ಗೋಡೇದು ಸೊನ್ನೆ. ಎರಡೂ ಹತ್ತು ಆಗ್ಬೇಕಾದ್ರೆ ಒಂದೇ ಏಣಿ ಒಂದೇ ಸಲಕ್ಕೆ ನಿಂತ್ಕೊಂಡೂ ಇರ್ಬೇಕು, ಮಲಕ್ಕೊಂಡೂ ಇರ್ಬೇಕು. ಆಯ್ತದಾ ಮೇಡಂ?"

ಹಲಗೆಗೆ ಹೋಗಿ, ಆರು ವರ್ಷ ಮಾಡದ್ದನ್ನು ಮಾಡಿದೆ: ಮೊತ್ತವನ್ನು ವರ್ಗ ಮಾಡಿದೆ. ಸೈನ್ ವರ್ಗವೂ ಕಾಸ್ ವರ್ಗವೂ ಸೇರಿ ಯಾವಾಗಲೂ ಒಂದು. ಉಳಿಯುವುದು ಸೈನ್ ಕಾಸ್‌ಗಳ ಗುಣಲಬ್ಧದ ಎರಡರಷ್ಟು, ಅದು ಎಷ್ಟು ಜಗ್ಗಿದರೂ ಒಂದನ್ನು ದಾಟುವುದಿಲ್ಲ. ಆದ್ದರಿಂದ ವರ್ಗ ಎರಡನ್ನು ದಾಟುವುದಿಲ್ಲ. ಎರಡು ಆಗುವುದು ವರ್ಗ, ಬೆಲೆಯಲ್ಲ. ಬೆಲೆ √2, ಒಂದು ಪಾಯಿಂಟ್ ನಾಲ್ಕು ಒಂದು ನಾಲ್ಕು. ಹತ್ತು ಅಡಿಯ ಏಣಿಗೆ ಹದಿನಾಲ್ಕು ಅಡಿ ಎರಡು ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ನಲವತ್ತೆಂಟನೆಯ ಚಿಹ್ನೆ ಅಲ್ಲಿ ಬಿದ್ದಿತ್ತು, ಒಂದು ಒಂದು ಎರಡು ಎಂಬ ನನ್ನ ಜಾಣತನ ಅದರ ಮೇಲೆ ಆರು ವರ್ಷ ಕಾಲಿಟ್ಟು ನಿಂತಿತ್ತು. ಮರುದಿನ ಸಂಜೆ ಮಕ್ಕಳ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಕನ್ನಡದ ಚಿಹ್ನೆ ಬಿದ್ದರೆ ತಮಗೆ ನೋವಾಗುವುದಿಲ್ಲ ಎಂದು ಊಹಿಸಬಲ್ಲೆ, ನನಗೆ ಆಯಿತು.

ಮಾರ್ಚಿನಲ್ಲಿ ಪರೀಕ್ಷೆ. ಕೇಂದ್ರ ಕಲ್ಯಾಣದುರ್ಗದಲ್ಲಿ. ಆಕೆಗೆ ಧೈರ್ಯವಾಗಲೆಂದು ನಾನೂ ಹಿಂದಿನ ದಿನವೇ ಸೋಮಂದೇಪಲ್ಲಿಯ ಮೇಲೆ ಹಾದುಹೋಗುವ ಬಸ್ಸು ಹಿಡಿದು ಹೋದೆ. ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಬೇವಿನ ಮರದ ಕೆಳಗೆ ಖಾಸಗಿಯಾಗಿ ಕಟ್ಟಿದವರು ನಲವತ್ತು ಮಂದಿ ಇದ್ದಿರಬಹುದು: ಕೂಲಿಗೆ ಹೋಗುವವರು, ಮಗು ಕಂಕುಳಲ್ಲಿದ್ದವರು, ಆಟೋ ಓಡಿಸುವವರು. ಮೂವತ್ತು ಕೈಗಳಲ್ಲಾದರೂ ತಮ್ಮ ಹಸಿರು ಗೈಡಿತ್ತು. ಕಣ್ಣು ಮುಚ್ಚಿಕೊಂಡು ಎಲ್ಲರೂ ಕಡೆಯ ಸಲ ಒಪ್ಪಿಸಿಕೊಳ್ಳುತ್ತಿದ್ದರು: ಸೈನ್ ಅರವತ್ತು ಮೂರು ಬೈ ಎರಡು, ಟ್ಯಾನ್ ಅರವತ್ತು ಮೂರು. ಪ್ರಕಾಶಕರೊಬ್ಬರಿಗೆ ಇದಕ್ಕಿಂತ ದೊಡ್ಡ ಗೌರವ ಬೇರೆಲ್ಲಿ ಸಿಕ್ಕೀತು?

ಬೆಲ್ಲಿಗೆ ಇಪ್ಪತ್ತು ನಿಮಿಷವಿತ್ತು. ಬೀರಕ್ಕ ಅವರು ಒಪ್ಪಿಸುತ್ತಿದ್ದುದನ್ನು ಕೇಳಿಸಿಕೊಂಡು ನಿಂತಲ್ಲೇ ನಿಂತಳು. ನಂತರ ಪೆನ್ನು ತೆಗೆದು ಹತ್ತಿರದವಳ ಪುಸ್ತಕ ಈಸಿಕೊಂಡು, "ಇಲ್ಲಿ ಒಂದು ಗುರ್ತು ಬಿದ್ದೋಗೈತೆ ಕಣಮ್ಮ, ಹಾಕ್ಕೊಡ್ತೀನಿ ಇರು," ಎಂದು ಶುರುಮಾಡಿದಳು. ಒಬ್ಬರಾದ ಮೇಲೆ ಒಬ್ಬರಿಗೆ, ಕನ್ನಡದಲ್ಲೂ ತೆಲುಗಿನಲ್ಲೂ, ಕೋಷ್ಟಕದ ಪುಟವನ್ನಷ್ಟೇ ತಿದ್ದುತ್ತ ಹೋದಳು. ಮುತ್ತುರಾಜ್ ಎಂಬ ಆಟೋದವನು ಪುಸ್ತಕ ಎದೆಗೊತ್ತಿಕೊಂಡು, "ನೀನು ಎಷ್ಟು ಸಲ ಫೇಲಾಗಿದ್ದೀಯಾ?" ಎಂದು ಕೇಳಿದ. "ಎರಡು," ಎಂದಳು. "ನಾನು ಒಂದೇ ಸಲ. ನಂಗೆ ಹೇಳಕ್ಕೆ ಬರಬೇಡ, ಪೋವಮ್ಮ," ಎಂದ.

ಸಾಕು ಬಾರಮ್ಮ, ನಿನ್ನ ಪರೀಕ್ಷೆ ನೋಡಿಕೋ ಎಂದು ನಾನು ಕೈ ಹಿಡಿದೆಳೆದೆ. "ಇವ್ರು ಒಳೀಕೆ ಹೋಗಿ ಮೂರು ಅಂತ ಬರೀತಾರೆ ಮೇಡಂ," ಎಂದು ಕೈ ಬಿಡಿಸಿಕೊಂಡಳು.

ಕಡೆಗೆ ಒಬ್ಬಳು ಸುಮ್ಮನೆ ಬಂದು ಪುಸ್ತಕ ಚಾಚಿದಳು. ಬೀರಕ್ಕನ ಪೆನ್ನು ಗಾಳಿಯಲ್ಲೇ ನಿಂತಿತು. ಅವಳು ಶೋಭಾರಾಣಿ, ಅದೇ ಹಟ್ಟಿಯವಳು, ಪೆದ್ದಕ್ಕನವರ ಜಾಗಕ್ಕೇ ಕಣ್ಣಿಟ್ಟಿದ್ದವಳು, ಗಣಿತವೊಂದನ್ನೇ ಉಳಿಸಿಕೊಂಡಿದ್ದವಳು. ಆರು ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಬೆಲ್ಲು ಹೊಡೆಯಿತು. ಜನ ಗೇಟಿನತ್ತ ನುಗ್ಗಿದರು. ಬೀರಕ್ಕ ಆ ಪುಸ್ತಕವನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು, ಒಂದೂ ಬಿಡದೆ ಆ ಪುಟದ ಎಲ್ಲ ಚಿಹ್ನೆಗಳನ್ನೂ ಹಾಕಿ, "ಸೈನು ಯಾವತ್ತೂ ಒಂದರ ಮೇಕೆ ಹೋಗಲ್ಲ. ಅಷ್ಟು ಗ್ಯಾಪಕ ಇಟ್ಕೋ," ಎಂದು ಕೊಟ್ಟಳು. ಇಬ್ಬರೂ ಕೊನೆಯವರಾಗಿ ಓಡಿದರು.

ಫಲಿತಾಂಶ ಬಂತು. ಬೀರಕ್ಕನಿಗೆ ಗಣಿತದಲ್ಲಿ ಅರವತ್ತನಾಲ್ಕು, ಶೋಭಾರಾಣಿಗೆ ನಲವತ್ತೇಳು. ಆದರೆ ಆಯ್ಕೆಗೆ ಎಲ್ಲ ವಿಷಯಗಳ ಒಟ್ಟು ಅಂಕ ನೋಡುತ್ತಾರೆ. ಒಟ್ಟಿನಲ್ಲಿ ಶೋಭಾರಾಣಿಗೆ ಒಂಬತ್ತು ಅಂಕ ಹೆಚ್ಚು. ಜುಲೈಯಲ್ಲಿ ಆಕೆ ಟೀಚರಾದಳು. ಬೀರಕ್ಕ ಈಗಲೂ ಅಲ್ಲೇ ಆಯಾ.

ಸುದ್ದಿ ತಿಳಿದು ನಾನು ಕಂಬದೂರಿಗೆ ಹೋಗಿದ್ದೆ. ಸಮಾಧಾನ ಹೇಳಲು ನಾಲ್ಕು ಮಾತು ಜೋಡಿಸಿಕೊಂಡೇ ಹೋಗಿದ್ದೆ. ಆಕೆ ಆಡಲು ಬಿಡಲಿಲ್ಲ. "ಹೊಟ್ಟೆ ಉರೀತದೆ ಮೇಡಂ, ನಿಮ್ಮತ್ರ ಸುಳ್ಳು ಯಾಕೆ," ಎಂದಳು. "ದಿನಾ ಅವಳ ಮುಂದೆ ಬಾಗಿಲು ತೆಗೀತೀನಲ್ಲ, ಆವಾಗ ಉರೀತದೆ. ಆದ್ರೆ ಅವತ್ತು ಗುರ್ತು ಹಾಕ್ದೆ ಬುಕ್ಕು ವಾಪಸ್ ಕೊಟ್ಬುಟ್ಟು ಈ ಕೆಲ್ಸ ತಗೊಂಡಿದ್ರೆ ಅದೂ ಉರೀತಿತ್ತು. ಯಾವ್ದು ಜಾಸ್ತಿ ಅಂತ ಲೆಕ್ಕ ಹಾಕಿ ನೋಡ್ದೆ. ಇದೇ ವಾಸಿ." ನಾನು ಹೊರಡುವಾಗ, "ಅವಳು ಮಾತಾಡ್ಸಿದ್ಲು," ಎಂದೂ ಹೇಳಿದಳು.

ಈಗ ಭಾನುವಾರಗಳಂದು ಅಂಗನವಾಡಿಯ ಜಗಲಿಯಲ್ಲಿ ಹನ್ನೊಂದು ಮಂದಿ ಬೀರಕ್ಕನಲ್ಲಿ ಗಣಿತ ಕಲಿಯುತ್ತಾರೆ. ಬೀಗದ ಕೈ ಕೊಡುವವಳು ಶೋಭಾರಾಣಿ. ಮುಂದಿನ ಸಾಲಿನಲ್ಲಿ ಕೂರುವವನು, ಈಗ ಎರಡು ಸಲ ಫೇಲಾಗಿರುವ ಮುತ್ತುರಾಜ್.

ಇನ್ನು ನನ್ನ ಕೋರಿಕೆಗಳು. ಬಿದ್ದುಹೋದ ನಲವತ್ತೆಂಟು ಚಿಹ್ನೆಗಳು ತಮ್ಮ ಮುದ್ರಣಾಲಯದ ನೆಲದ ಮೇಲೆ ಎಲ್ಲಾದರೂ ಸಿಕ್ಕೇ ಸಿಗುತ್ತವೆ. ಗುಡಿಸುವವರಿಗೆ ಹೇಳಿ ಆರಿಸಿ, ಬಾಲ ಮುರಿಯದಂತೆ ಹತ್ತಿಯಲ್ಲಿ ಸುತ್ತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿಕೊಡಬೇಕು. ಅದು ಸಾಧ್ಯವಿಲ್ಲವೆಂದಾದರೆ, ತಾವೇ ಮುದಿರೆಡ್ಡಿಪಲ್ಲಿಗೆ ದಯಮಾಡಿಸಿ ನಮ್ಮ ಏಣಿಯನ್ನು ಹದಿನೈದು ಅಡಿಗೆ ಮುಟ್ಟಿಸಿ ತೋರಿಸಿದರೆ ದೂರನ್ನು ಹಿಂದಕ್ಕೆ ಪಡೆಯುತ್ತೇನೆ. ಕೊನೆಯ ಮೆಟ್ಟಿಲ ಮೇಲೆ ನಿಲ್ಲಲು ಯಜಮಾನರು ಒಪ್ಪಿದ್ದಾರೆ. ಇವೆರಡೂ ಆಗದ ಮಾತುಗಳೆಂದು ನನಗೂ ಗೊತ್ತು. ಆಗುವಂಥದು ಒಂದಿದೆ. ಇಷ್ಟು ವರ್ಷಗಳಲ್ಲಿ ತಮ್ಮ ಗೈಡನ್ನು ನಂಬಿ ಗಣಿತದಲ್ಲಿ ಫೇಲಾಗಿ, ತನ್ನ ತಲೆಯೇ ಅಷ್ಟು ಎಂದುಕೊಂಡು ಪುಸ್ತಕ ಮುಚ್ಚಿಟ್ಟವರು ಹಿಂದೂಪುರ ಕಲ್ಯಾಣದುರ್ಗಗಳ ನಡುವೆ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಅವರೆಲ್ಲರಿಗೂ ಒಂದು ಸಾಲು ಅಚ್ಚು ಹಾಕಿಸಿ. ತಪ್ಪು ನಿಮ್ಮದಲ್ಲ ಎಂದು. ಅಚ್ಚಾದದ್ದನ್ನು ಅವರು ನಂಬುತ್ತಾರೆ.

ಇಷ್ಟಾದರೂ ಕನ್ನಡದಲ್ಲಿ ಗಣಿತದ ಗೈಡ್ ತರುವವರು ಬೇರೆ ಯಾರೂ ಇಲ್ಲವಾದ್ದರಿಂದ, ಬೇರೆ ದಾರಿಯಿಲ್ಲದೆ

ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಲ್ಪನಾ ಯುವರಾಜ್

ತಾಜಾಕಲಂ: ಈ ಪತ್ರ ಮುಗಿಸುವ ಹೊತ್ತಿಗೆ ಇಂದಿನ ಪತ್ರಿಕೆಯಲ್ಲಿ ತಮ್ಮ ಜಾಹೀರಾತು ಕಂಡೆ. ಕರಡು ತಿದ್ದುವವರು ಬೇಕೆಂದು ಹೇಳಲು ಹೊರಟು, "ಗಣಿತ ಬಲ್ಲ ಕರಡಿ ತಿದ್ದುವವರು ಬೇಕಾಗಿದ್ದಾರೆ" ಎಂದು ಅಚ್ಚು ಹಾಕಿಸಿದ್ದೀರಿ. ಫೋನಿನಲ್ಲಿ ಓದಿ ಹೇಳಿದೊಡನೆ ಬೀರಕ್ಕ ಅರ್ಜಿ ಹಾಕಲು ಒಪ್ಪಿದ್ದಾಳೆ. ಅವರ ಹಟ್ಟಿಯ ಹಿಂದಿನ ಗುಡ್ಡದಲ್ಲಿ ಕರಡಿಗಳು ಇರುವುದು ನಿಜ. ಕುರಿ ಕಾಯುವಾಗ ಒಂದೆರಡನ್ನು ಕೋಲು ಹಿಡಿದು ದಾರಿಗೆ ತಂದ ಅನುಭವವೂ ಆಕೆಗಿದೆ. ತಮ್ಮ ಕಚೇರಿಯಲ್ಲಿ ಒಟ್ಟು ಎಷ್ಟಿವೆಯೆಂದು ಮೊದಲೇ ತಿಳಿಸಿದರೆ, ಅದಕ್ಕೆ ತಕ್ಕ ಕೋಲು ತರುತ್ತಾಳಂತೆ.